ಸಕ್ಕರೆ ಓದಿದವನು

ಗುಬ್ಬಿ
13-2-1999, ಶನಿವಾರ

ಪ್ರೀತಿಯ ಸೈಮಾ,

ಸಲಾಂ. ಒಬ್ಬರಿಗೆ ಶಾಂತಿ ಸಿಗಲಿ ಎಂದು ಹಾರೈಸುವುದಕ್ಕೆ ಮೇಲಿನವನ ಪರ್ಮಿಷನ್ ಬೇಕಿಲ್ಲ ಅನ್ನುವುದು ನನ್ನ ಹಳೆಯ ವಾದ. ಅದನ್ನು ಕೇಳಿ ನೀನು ಹಣೆ ಚಚ್ಚಿಕೊಳ್ಳುವುದು ಇಲ್ಲಿಂದಲೇ ಕಾಣುತ್ತಿದೆ. ಮಗಳು ಅಸ್ಫಿಯಾಗೆ ಕೆಮ್ಮು ವಾಸಿಯಾಯಿತೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಅರ್ಧ ನಿಜ, ಅಷ್ಟಕ್ಕೇ ಒಪ್ಪಿಕೋ.

ಎಸ್‌ಟಿಡಿ ಬೂತ್ ಇಟ್ಟುಕೊಂಡವನು ಹೆಂಡತಿಗೆ ಕಾಗದ ಬರೆಯುತ್ತಿದ್ದಾನೆಂದರೆ ಊರು ನಗುತ್ತದೆ. ಆದರೆ ಫೋನ್ ಮಾಡಿದರೆ ನಿನ್ನ ಅಣ್ಣ ಅಫ್ರೋಜ್ ಎತ್ತುತ್ತಾನೆ. ತನ್ನ ಸಲಾಮಿಗೆ ನಾನು ಎಷ್ಟು ಉದ್ದದ ಉತ್ತರ ಕೊಡುತ್ತೇನೆಂದು ಅಳೆದು ನೋಡಿ ಆಮೇಲೆ ನಿನ್ನನ್ನು ಕೂಗುತ್ತಾನೆ. ನೀನೋ, 'ಹೂಂ' 'ಉಹೂಂ' ಎರಡರಲ್ಲೇ ಸಂಸಾರ ಮುಗಿಸುತ್ತೀಯ. ನನ್ನ ಉರ್ದು ಬರವಣಿಗೆ ಕೋಳಿ ಕೆದರಿದ ಹಾಗಿರುತ್ತದೆ, ಅದಕ್ಕೇ ಕನ್ನಡ. ಅಫ್ರೋಜ್ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವನು, ಇಷ್ಟು ಪುಟ ನೋಡಿದರೆ ಬೇಸತ್ತು ನಿನ್ನ ಕೈಗೇ ಕೊಡುತ್ತಾನೆ ಎಂಬ ಧೈರ್ಯವೂ ಇದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮಸ್ತಾನ್ ಬೀ ಫುಪ್ಪು ಸೋಮವಾರ ನಿಮ್ಮ ಕುಣಿಗಲ್‌ಗೆ ಹೊರಟಿದ್ದಾಳೆ. ಬಾಯಲ್ಲಿ ಹೇಳುವುದು ಮಂಡಿ ನೋವಿನ ಔಷಧ, ಹೊಟ್ಟೆಯಲ್ಲಿರುವುದು ನಿನಗೆ ಸುದ್ದಿ ಮುಟ್ಟಿಸುವ ಆತುರ. ಅಬ್ಬಾನ ತಂಗಿಯಲ್ಲವೆ, ಅವಳ ಹೊಟ್ಟೆಯಲ್ಲಿ ಮಾತು ಯಾವತ್ತು ನಿಂತಿದೆ? ಹುಡುಗ ದಾರಿಗೆ ಬಂದ, ಟೋಪಿ ಹಾಕಿಕೊಂಡು ಫಾತೆಹಾ ಓದಿದ, ಇನ್ನೇನು ಗಂಟುಮೂಟೆ ಕಟ್ಟು ಎಂದು ನಿನ್ನ ಕೈ ಹಿಡಿದುಕೊಂಡು ಹೇಳುತ್ತಾಳೆ. ಟೋಪಿ ಹಾಕಿಕೊಂಡದ್ದು ನಿಜ. ಓದಿದ್ದೂ ನಿಜ. ದಾರಿಗೆ ಬಂದದ್ದು ಮಾತ್ರ ಸುಳ್ಳು.

ಸುಮ್ಮನಿದ್ದುಬಿಡೋಣ ಎಂದು ಒಂದು ದಿನವೆಲ್ಲ ಅಂದುಕೊಂಡೆ ಸೈಮಾ. ಫುಪ್ಪು ಹೇಳಿದ್ದನ್ನು ನಂಬಿ ನೀನು ಬಂದುಬಿಟ್ಟರೆ ನನಗೇನು ನಷ್ಟ? ಆದರೆ ಹಾಗೆ ಬಂದರೆ ಮೊದಲನೇ ಶುಕ್ರವಾರ ಮಧ್ಯಾಹ್ನ ನಾನು ಬೂತಿನಲ್ಲೇ ಕೂತಿರುವುದನ್ನು ನೋಡಿ ಮತ್ತೆ ಬಸ್ ಹತ್ತುತ್ತೀಯ. ಒಮ್ಮೆ ಹೋದದ್ದನ್ನೇ ಸಹಿಸಲಾಗಿಲ್ಲ. ಅದಕ್ಕೇ ಈ ಕಾಗದವನ್ನು ನಾಳೆ ಕಂಡಕ್ಟರ್ ಗಂಗಹನುಮಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಫುಪ್ಪುಗಿಂತ ಮುಂಚೆ ಅದು ನಿನಗೆ ಸೇರಬೇಕು.

ನಿನಗೆ ಗೊತ್ತಿರುವುದನ್ನೇ ಒಂದಿಷ್ಟು ಬರೆಯುತ್ತೇನೆ, ಏಕೆಂದರೆ ಅದನ್ನು ನಾವು ಇದುವರೆಗೆ ಜಗಳದಲ್ಲಲ್ಲದೆ ಬೇರೆ ಹೊತ್ತಿನಲ್ಲಿ ಆಡಿಲ್ಲ. ನವೆಂಬರಿನಲ್ಲಿ ಅಬ್ಬಾ ತೀರಿಕೊಂಡಾಗ ನಾನೇ ಮೈ ತೊಳೆದೆ, ಹೆಗಲು ಕೊಟ್ಟೆ, ಗೋರಿಗೆ ಇಳಿದು ಮಲಗಿಸಿದೆ. ಜನಾಜೆಯ ನಮಾಜಿಗೆ ಎಲ್ಲರೂ ಸಾಲಾಗಿ ನಿಂತಾಗ ಮಾತ್ರ ಪಕ್ಕಕ್ಕೆ ಸರಿದು ಕಾಂಪೌಂಡಿನ ಹತ್ತಿರ ನಿಂತೆ. ನಾನು ದೇವರನ್ನು ನಂಬುವುದಿಲ್ಲವೆಂದು ಅಬ್ಬಾಗೆ ಗೊತ್ತಿತ್ತು, ಮದುವೆಯಾದ ವಾರದಲ್ಲೇ ನಿನಗೂ ಹೇಳಿದ್ದೆ. ಊರಿಗೆ ಗೊತ್ತಾದದ್ದು ಆವತ್ತು. ಮನೆಗೆ ಬಂದ ಮೇಲೆ ನೀನು, ಸ್ವಲ್ಪ ಹೊತ್ತು ಆ ಸಾಲಿನಲ್ಲಿ ನಿಂತಿದ್ದರೆ ನಿಮ್ಮ ಕಾಲು ಸವೆದುಹೋಗುತ್ತಿತ್ತಾ, ನಿಮ್ಮ ಹಟ ನಿಮಗಿರಲಿ, ನನ್ನ ತಲೆ ಯಾಕೆ ತಗ್ಗಿಸಿದಿರಿ ಎಂದು ಕೇಳಿದೆ. ಬದುಕಿದ್ದಾಗ ಅಬ್ಬಾನ ಮುಂದೆ ಆಡದ ನಾಟಕವನ್ನು ಅವರು ಕಣ್ಣು ಮುಚ್ಚಿದ ಮೇಲೆ ಆಡಲಾರೆ ಅಂದೆ. ನಲವತ್ತನೇ ದಿನದ ಊಟ ಮುಗಿಯಿತು, ಮಾರನೆಯ ದಿನ ನೀನು ಅಸ್ಫಿಯಾಳನ್ನು ಕರೆದುಕೊಂಡು ಹೊರಟೆ. ಆಮೇಲೆ ಅಫ್ರೋಜ್ ಮೂಲಕ ಷರತ್ತು ಬಂತು: ಒಂದೇ ಒಂದು ಶುಕ್ರವಾರ ಮಸೀದಿಗೆ ಹೋಗಿ ನಾಲ್ಕು ಜನರ ಮುಂದೆ ನಿಲ್ಲಲಿ, ಸೈಮಾ ಬರುತ್ತಾಳೆ.

ನಾನು ನಂಬುವವರನ್ನು ಹೀಗಳೆಯುವವನು ಎಂದು ನಿಮ್ಮ ಮನೆಯಲ್ಲಿ ಮಾತಾಡಿಕೊಳ್ಳುತ್ತಾರಂತೆ. ಅದು ಮಾತ್ರ ನನಗೆ ಉರಿಯುತ್ತದೆ. ಬೇರೆಯವರು ಸ್ಟಾಂಪು ಕೂಡಿಡುತ್ತಾರೆ, ನಾನು ಹರಕೆ ಕೂಡಿಡುತ್ತೇನೆ. ಬೂತಿನ ಗಾಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಎಲ್ಲ ಕೇಳಿಸುತ್ತದೆ. ರಿಸಲ್ಟ್ ಬರುವ ದಿನ ರಿಸೀವರನ್ನು ಕಣ್ಣಿಗೊತ್ತಿಕೊಂಡು ನಂಬರ್ ಒತ್ತುವವರಿದ್ದಾರೆ. ಮಗನಿಗೆ ಫ್ಯಾಕ್ಟರಿಯಲ್ಲಿ ಕೆಲಸವಾದರೆ ಎಡೆಯೂರಿಗೆ ನಡೆದುಕೊಂಡು ಬರುತ್ತೇನೆ ಎಂದು ಫೋನಿನಲ್ಲೇ ಹರಕೆ ಹೊರುವವರಿದ್ದಾರೆ. ಅವರು ಹೊರಗೆ ಬಂದ ಮೇಲೆ ನಾನು ಬಿಡುವುದಿಲ್ಲ. ಕೆಲಸ ಆಗದಿದ್ದರೆ ಏನು ಮಾಡ್ತೀರಿ, ಅರ್ಧ ಆದರೆ ಅರ್ಧ ದಾರಿ ನಡೀತೀರಾ ಎಂದು ಕೇಳುತ್ತೇನೆ. ಒಬ್ಬರೂ ಸಿಟ್ಟಾಗಿಲ್ಲ. ನನ್ನನ್ನು ಕೆಣಕುವುದು ನಂಬಿಕೆಯಲ್ಲ, ಬಾಗಿಲು ಕಾಯುವವರು. ತಾಲ್ಲೂಕು ಆಫೀಸಿನಲ್ಲಿ ಸಾಹೇಬರು ಸೀಟಿನಲ್ಲಿ ಇಲ್ಲದಿದ್ದರೂ ಜವಾನ ಬಾಗಿಲಲ್ಲಿ ಕೂತು ಒಬ್ಬರನ್ನೂ ಒಳಗೆ ಬಿಡುವುದಿಲ್ಲವಲ್ಲ, ಹಾಗೆ.

ಹೋದ ಸೋಮವಾರ ಒಬ್ಬ ಹೆಂಗಸು ಬೂತಿಗೆ ಬಂದರು. ಫೋನ್ ಮಾಡುವುದಕ್ಕಲ್ಲ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ವೈರಿನ ಬುಟ್ಟಿ. ಹೆಸರು ತಿಪ್ಪಮ್ಮ, ನಿಟ್ಟೂರಿನ ಆಚೆ ರೈಲ್ವೆ ಗೇಟ್ ದಾಟಿದರೆ ಸಿಗುವ ಪಾಳ್ಯದವರು. ಬುಡನ್ ಸಾಬರ ಮಗ ನೀನೇನಾ ಎಂದು ಕೇಳಿ ಸ್ಟೂಲಿನ ಮೇಲೆ ಕೂತರು. ಅಬ್ಬಾ ಪಾತ್ರೆಗೆ ಕಲಾಯಿ ಹಾಕಲು ಆ ಕಡೆಯ ಹಳ್ಳಿಗಳಿಗೆಲ್ಲ ಹೋಗುತ್ತಿದ್ದದ್ದು ನಿನಗೆ ಗೊತ್ತಲ್ಲ. ಮದುವೆಯಿರುವ ಮನೆಗೆ ಮೊದಲು ಕರೆ ಹೋಗುತ್ತಿದ್ದದ್ದು ಅವರಿಗೇ. ಹಂಡೆ, ಕೊಳಗಗಳಿಗೆ ಕಲಾಯಿ ಹಾಕಿ ಮುಗಿಸಿದ ಮೇಲೆ ತಿಪ್ಪಮ್ಮನವರ ಮನೆಯಲ್ಲಿ ಇನ್ನೊಂದು ಕೆಲಸವಿತ್ತಂತೆ. ಊರ ಹೊರಗೆ ಹೊಂಗೆ ಮರದ ಕೆಳಗೆ ಬಾಬಯ್ಯನೆಂದು ಅವರು ನಡೆದುಕೊಳ್ಳುವ ಪೀರರ ಕಲ್ಲಿದೆ. ಅದರ ಮುಂದೆ ತಟ್ಟೆಯಲ್ಲಿ ಸಕ್ಕರೆ ಇಟ್ಟು ಅಬ್ಬಾ ಫಾತೆಹಾ ಓದಬೇಕು. ಸಕ್ಕರೆ ಓದಿಸದೆ ಆ ಮನೆಯಲ್ಲಿ ಚಪ್ಪರದ ಕಂಬ ನೆಡುವುದಿಲ್ಲ.

ಈಗ ಅವರ ಮಗಳು ಮಧುಶ್ರೀಯ ಮದುವೆ ಗೊತ್ತಾಗಿದೆ, ಓದುವುದಕ್ಕೆ ಅಬ್ಬಾ ಇಲ್ಲ. ತಿಪ್ಪಮ್ಮನವರು ಮಸೀದಿಯ ಹತ್ತಿರ ಹೋಗಿ ಕೇಳಿದ್ದಾರೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ, ಕಲ್ಲಿನ ಮುಂದೆ ಓದುವುದು ನಮ್ಮ ದೀನ್-ಧರ್ಮದಲ್ಲಿಲ್ಲ ಅಮ್ಮಾ ಎಂದು ಕಳಿಸಿದ್ದಾರೆ. ಇತ್ತ ಗಂಡಿನ ಕಡೆಯವರು ಮಠಕ್ಕೆ ನಡೆದುಕೊಳ್ಳುವ ಮನೆತನ. ಲಿಂಗ ಕಟ್ಟಿಕೊಂಡವರಿಗೆ ಸಾಬರ ಸಕ್ಕರೆ ಯಾಕೆ ಎಂದು ಅವರೂ ಮುಖ ಸಿಂಡರಿಸಿದ್ದಾರೆ. ಆಕೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ್ದನ್ನು ಹಾಗೆ ಹಾಗೇ ಬರೆಯುತ್ತೇನೆ: "ನಿಮ್ಮೋರೂ ಬ್ಯಾಡ ಅಂತಾರೆ, ನಮ್ಮೋರೂ ಬ್ಯಾಡ ಅಂತಾರೆ. ಬಾಬಯ್ಯ ಒಬ್ನೇ ಕಣಪ್ಪ, ಇನ್ನೂ ಬ್ಯಾಡ ಅಂದಿಲ್ಲ."

ಸೈಮಾ, ಆ ಮಾತಿಗೆ ನಾನು ಅರ್ಧ ಸೋತೆ. ಆದರೂ ಮೋಸ ಮಾಡಬಾರದೆಂದು, ನಾನು ಬಾಬಯ್ಯನನ್ನೂ ನಂಬುವುದಿಲ್ಲ, ಅಲ್ಲಾನನ್ನೂ ನಂಬುವುದಿಲ್ಲ, ನಿಮ್ಮ ಶಿವನನ್ನೂ ನಂಬುವುದಿಲ್ಲ ಎಂದು ಬಿಡಿಸಿ ಹೇಳಿದೆ. ಆಕೆ ಬೆಚ್ಚಿಬೀಳಲಿಲ್ಲ. ನಿಮ್ಮಪ್ಪ ಓದುತ್ತಿದ್ದುದು ನಿನಗೆ ಬರುತ್ತದೋ ಇಲ್ಲವೋ ಎಂದು ಕೇಳಿದರು. ಬರುತ್ತದೆ ಅಂದೆ, ಚಿಕ್ಕಂದಿನಲ್ಲಿ ಬೆತ್ತದ ಏಟು ತಿಂದು ಕಲಿತದ್ದು ಎಲ್ಲಿಗೆ ಹೋಗುತ್ತದೆ? ನಂಬಿಕೆಯಿಲ್ಲದವನು ಓದಿದರೆ ಏನು ಫಲ ಎಂದು ನಾನೇ ಕೇಳಿದೆ. ಕಲಾಯಿ ಹಾಕುವವನು ಆ ಪಾತ್ರೆಯಲ್ಲಿ ಉಣ್ಣುವುದಿಲ್ಲವಲ್ಲ ಎಂಬಂತೆ ನನ್ನನ್ನು ನೋಡಿ, "ನಂಬೋ ಕೆಲ್ಸ ನಮ್ದು ಬುಡು. ಓದೋ ಕೆಲ್ಸ ನಿಂದು. ನಮ್ ಕೆಲ್ಸ ನಾವು ಸರಿಯಾಗ್ ಮಾಡ್ತೀವಿ, ನಿನ್ ಕೆಲ್ಸ ನೀನ್ ಮಾಡು," ಅಂದರು. ಇಷ್ಟು ವರ್ಷ ನಂಬುವವರ ಜೊತೆ ವಾದ ಮಾಡಿದ್ದೇನೆ, ನಂಬಿಕೆಯನ್ನು ಹೀಗೆ ಕೆಲಸ ಹಂಚಿಕೊಂಡ ಹಾಗೆ ಹಂಚುವವರನ್ನು ಕಂಡಿರಲಿಲ್ಲ. ಗುರುವಾರ ಬರುತ್ತೇನೆ ಅಂದುಬಿಟ್ಟೆ. ಕುತೂಹಲಕ್ಕೆ ಹೋದೆ, ಭಕ್ತಿಗಲ್ಲ. ಇದನ್ನು ಫುಪ್ಪು ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಗುರುವಾರ ಅಟ್ಟದ ಮೇಲಿಂದ ಅಬ್ಬಾ ಫಾತೆಹಾ ಓದಲು ಹೋಗುವಾಗ ಒಯ್ಯುತ್ತಿದ್ದ ನವಿಲುಗರಿಯ ಕಟ್ಟು ಇಳಿಸುವಾಗ ಫುಪ್ಪು ನೋಡಿದಳು, ಅಲ್ಲಿಂದ ಶುರುವಾಯಿತು. ಪೆಟ್ಟಿಗೆಯಿಂದ ಅಬ್ಬಾನ ಟೋಪಿ ತಂದು ತಾನೇ ನನ್ನ ತಲೆಯ ಮೇಲಿಟ್ಟು ಅತ್ತಳು. ಅದನ್ನು ತೆಗೆಯಲಿಲ್ಲ. ಟಿವಿಎಸ್ ಹತ್ತಿ ಹೊರಟೆ. ಟೋಪಿ ಗಾಳಿಗೆ ಹಾರೀತೆಂದು ಒಂದು ಕೈಯಲ್ಲಿ ಹಿಡಿದುಕೊಂಡೇ ಗೇಟ್ ತನಕ ಗಾಡಿ ಓಡಿಸಿದೆ. ನೀನು ನೋಡಿದ್ದರೆ ಖಂಡಿತ ನಗುತ್ತಿದ್ದೆ.

ಹೊಂಗೆ ಮರದ ಕೆಳಗೆ ನೀರು ಚಿಮುಕಿಸಿ ಗುಡಿಸಿದ್ದರು. ಕಲ್ಲಿಗೆ ಹಸಿರು ಬಟ್ಟೆ, ಅದರ ಮೇಲೆ ಕನಕಾಂಬರ, ಪಕ್ಕದಲ್ಲಿ ಲೋಬಾನದ ಹೊಗೆ. ತಿಪ್ಪಮ್ಮನವರ ಗಂಡ ರುದ್ರಯ್ಯನವರು ಪಂಚೆಯುಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಕೈಕಟ್ಟಿ ನಿಂತಿದ್ದರು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದಿದ್ದರು. ಯಾಕೆ ಎಂದು ಮಧುಶ್ರೀಯನ್ನು ಕೇಳಿದೆ. ಪಿಯುಸಿ ಓದಿದ ಹುಡುಗಿ. "ಬಾಬಯ್ಯನ ಮುಂದೆ ಹಂಗೇಯ ಅಂಕಲ್. ಶಿವನ ಮುಂದೆ ಬ್ಯಾರೆ," ಅಂದಳು. ಒಬ್ಬೊಬ್ಬ ದೇವರ ಮುಂದೆ ಒಂದೊಂದು ನಡವಳಿಕೆ, ಒಂದಕ್ಕೊಂದು ಅಡ್ಡಿಯಿಲ್ಲ. ಅವರ ತಲೆಯೊಳಗೆ ಇವೆಲ್ಲ ಜಗಳವಾಡದೆ ಹೇಗೆ ಕೂತಿವೆ ಎಂದು ಇನ್ನಷ್ಟು ಕೇಳಬೇಕೆಂದಿದ್ದೆ, ತಿಪ್ಪಮ್ಮನವರು ಹೊತ್ತಾಯಿತು ಅಂದರು.

ಕೂತು ಓದಿದೆ. ದರೂದ್, ಅಲ್‌ಹಮ್ದು, ಕುಲ್, ಒಂದೂ ತಪ್ಪಲಿಲ್ಲ. ಒಳಗೆ ಏನಾದರೂ ಅಲ್ಲಾಡುತ್ತದೆಯೇ ಎಂದು ನನ್ನನ್ನು ನಾನೇ ಕದ್ದು ನೋಡುತ್ತಿದ್ದೆ. ಏನೂ ಆಗಲಿಲ್ಲ. ಮಗ್ಗಿ ಒಪ್ಪಿಸಿದ ಹಾಗಿತ್ತು. ಕೈಯೆತ್ತಿ ಆಮೀನ್ ಎಂದು ಮುಖ ಸವರಿಕೊಂಡು ತಟ್ಟೆಯನ್ನು ಮುಂದೆ ತಳ್ಳಿದರೆ ಒಬ್ಬರೂ ಅದನ್ನು ಮುಟ್ಟಲಿಲ್ಲ. ರುದ್ರಯ್ಯನವರು ಕೆಮ್ಮಿ, "ಇನ್ನೂ ಮುಗ್ದಿಲ್ಲ ಸಾಬ್ರೆ. ಹೆಸ್ರು ಹೇಳ್ಲಿಲ್ಲ," ಅಂದರು.

ಯಾರ ಹೆಸರು? ಆ ಮನೆಯಲ್ಲಿ ತೀರಿಕೊಂಡವರದು. ಓದಿದ್ದರ ಪುಣ್ಯ ಇಂಥವರಿಗೆ ಸಲ್ಲಲಿ ಎಂದು ನಾವು ಮನೆಯಲ್ಲಿ ದಾದಾ ದಾದಿಯರ ಹೆಸರು ಹೇಳುವುದಿಲ್ಲವೆ, ಅಬ್ಬಾ ಆ ಜಾಗದಲ್ಲಿ ಇವರ ಹಿರಿಯರನ್ನು ಕೂರಿಸಿದ್ದರು. ರುದ್ರಯ್ಯನವರು ಒಂದೊಂದಾಗಿ ಹೇಳಿಕೊಟ್ಟರು, ನಾನು ಮತ್ತೆ ಕೈಯೆತ್ತಿ ಹೇಳುತ್ತಾ ಹೋದೆ. ಅಡವಿಯಪ್ಪ, ಅವರ ತಂದೆ. ಸಿದ್ದಲಕ್ಷ್ಮಮ್ಮ, ಅವರ ತಾಯಿ. ಅರಬ್ಬಿ ಮಂತ್ರದ ಬಾಲಕ್ಕೆ ಈ ಹೆಸರುಗಳು! ಮಸೀದಿಯವರು ಕೇಳಿದರೆ ಒಂದು ಥರ ಬೈಯುತ್ತಾರೆ, ಮಠದವರು ಕೇಳಿದರೆ ಇನ್ನೊಂದು ಥರ. ನನಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಆಮೇಲೆ ರುದ್ರಯ್ಯನವರು ಹೆಂಡತಿಯ ಕಡೆ ತಿರುಗಿದರು. ತಿಪ್ಪಮ್ಮನವರೇ ನೆಲ ನೋಡುತ್ತಾ, "ನನ್ ಕೂಸು," ಅಂದರು. ಹೆಸರು ಕೇಳಿದೆ. ಹೆಸರಿಲ್ಲ. ಚೊಚ್ಚಲ ಗಂಡು ಕೂಸು, ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋಯಿತಂತೆ. ಅವರ ಮನೆಯ ಪದ್ಧತಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಹೆಸರಿಡದ ಕೂಸಿಗೆ ಎಲೆ ಹಾಕುವುದಿಲ್ಲ. ಒಂದು ಸಲ ಕಲಾಯಿ ಹಾಕುತ್ತಾ ಕೂತಿದ್ದ ಅಬ್ಬಾಗೆ ಇದು ಗೊತ್ತಾಗಿ, ಹೆಸರು ಇಲ್ಲದಿದ್ದರೇನು, ತಾಯಿ ಹೆಸರು ಉಂಟಲ್ಲ ಎಂದು 'ತಿಪ್ಪಮ್ಮನ ಕೂಸು' ಅಂತಲೇ ಓದಿದರಂತೆ. ಆವತ್ತಿನಿಂದ ಪ್ರತಿ ಸಲವೂ ಹಾಗೆಯೇ. ಆ ಕೂಸನ್ನು ಲೋಕದಲ್ಲಿ ಬಾಯಿಬಿಟ್ಟು ಕರೆಯುತ್ತಿದ್ದವರು ಅಬ್ಬಾ ಒಬ್ಬರೇ. ಆಕೆ ಎರಡು ಬಾಗಿಲಲ್ಲಿ ಬೇಡ ಅನ್ನಿಸಿಕೊಂಡರೂ ನನ್ನ ಬೂತಿನ ತನಕ ಬಂದದ್ದು ಯಾಕೆಂದು ಆಗ ಅರ್ಥವಾಯಿತು. ನನ್ನ ನಗುವೆಲ್ಲ ಇಳಿದುಹೋಯಿತು ಸೈಮಾ. ತಿಪ್ಪಮ್ಮನ ಕೂಸು ಎಂದು ಗಟ್ಟಿಯಾಗಿ ಹೇಳಿದೆ.

ಮುಗಿಯಿತು ಅಂದುಕೊಂಡೆ. ರುದ್ರಯ್ಯನವರು ಕೈಯೆತ್ತಿ, "ಇನ್ನೊಂದ್ ಐತೆ," ಅಂದರು. "ಬುಡನ್ ಸಾಬ್ರುದು. ಈ ಸಲದಿಂದ ಅವ್ರೂ ನಮ್ ಹಿರೀಕ್ರ ಜೊತೆಗೇಯ."

ನಾನು ಯಾರ ಮಗನೆಂದು ಅವರಿಗೆ ಗೊತ್ತು, ಜನಾಜೆಯ ದಿನ ನಾನೆಲ್ಲಿ ನಿಂತಿದ್ದೆನೆಂದು ಗೊತ್ತಿಲ್ಲ. ಅವರೆಲ್ಲ ಕಾಯುತ್ತಾ ನಿಂತಿದ್ದರು, ಲೋಬಾನ ಆರುತ್ತಾ ಬಂತು, ಮಧುಶ್ರೀ ಅದಕ್ಕೆ ಇನ್ನೊಂದು ಚೂರು ಹಾಕಿದಳು. ಬುಡನ್ ಸಾಬ್ ಎಂದೆ. ಎರಡನೇ ಸಲ ಹೇಳಬೇಕಾಯಿತು, ಮೊದಲನೆಯದು ಯಾರಿಗೂ ಕೇಳಿಸಿರಲಿಲ್ಲ. ಆಮೇಲೆ ಅತ್ತುಬಿಟ್ಟೆ. ಅಬ್ಬಾ ಹೋದ ಮೇಲೆ ಮೊದಲ ಸಲ. ನೀನು ಎಷ್ಟೋ ದಿನ ನನ್ನ ಮುಖ ನೋಡಿ, ಇವರಿಗೆ ಅಳುವೇ ಬರುವುದಿಲ್ಲವಾ ಎಂದು ಹೆದರಿಕೊಂಡಿದ್ದೆಯಲ್ಲ, ಬಂತು. ತಿಪ್ಪಮ್ಮನವರು ಬೆನ್ನು ಸವರಿ, ಓದಿದ ಸಕ್ಕರೆಯನ್ನು ಚಿಟಿಕೆಯಷ್ಟು ನನ್ನ ಬಾಯಿಗೆ ಹಾಕಿದರು.

ಇದಕ್ಕೆ ದೇವರನ್ನು ಸಾಕ್ಷಿಗೆ ಕರೆಯಬೇಡ. ಎರಡು ದಿನದಿಂದ ಇದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಮಸೀದಿಯ ಅಂಗಳದಲ್ಲಿ ನನ್ನನ್ನು ಸಾಲಿನಲ್ಲಿ ನಿಲ್ಲು ಅಂದರು, ನಾನು ಸಾಲನ್ನು ನೋಡಿದೆ. ಮರದ ಕೆಳಗೆ ನಿಮ್ಮಪ್ಪನ ಹೆಸರು ಹೇಳು ಅಂದರು, ಅಪ್ಪನನ್ನು ನೋಡಿದೆ. ಇಲ್ಲಿ ಮೊದಲೇ ನಿಜ ಹೇಳಿದ್ದರಿಂದ ಯಾರಿಗೂ ಮೋಸವಾಗಲಿಲ್ಲ ಎಂಬ ಸಮಾಧಾನವೂ ಇದೆ. ನೀನು ಮಾತ್ರ, ಎಷ್ಟು ನಾಜೂಕಾದ ಲೆಕ್ಕಾಚಾರ, ನಿಮ್ಮ ಅಪ್ಪನಿಗೆ ಬೇರೆಯವರ ಊರಲ್ಲಿ ಓದುತ್ತೀರಿ, ನಮ್ಮವರ ಮುಂದೆ ಓದುವುದಿಲ್ಲವಾ ಎಂದು ಕೇಳುತ್ತೀಯ. ಕೇಳು. ಆವತ್ತು ನಿನಗಾದ ಅವಮಾನ ಎಷ್ಟೆಂದು ಈಗ ಸ್ವಲ್ಪ ಹೆಚ್ಚು ತಿಳಿಯುತ್ತದೆ ಎಂದಷ್ಟೇ ಹೇಳಬಲ್ಲೆ.

ಆದರೂ ಷರತ್ತಿನ ಶುಕ್ರವಾರಕ್ಕೆ ನಾನು ಹೋಗುವುದಿಲ್ಲ. ನನ್ನ ಕೆಲಸ ಓದುವುದಾದರೆ ಕರೆದಲ್ಲಿಗೆ ಹೋಗಿ ಓದಬಲ್ಲೆ. ನಂಬಿದ್ದೇನೆ ಎಂದು ತೋರಿಸಿಕೊಳ್ಳುವ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ. ಅಸ್ಫಿಯಾ ನಿನ್ನ ಹಾಗೆ ನಮಾಜು ಕಲಿಯಲಿ, ನಾನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಅರಬ್ಬಿ ಪಾಠಕ್ಕೆ ಬಿಟ್ಟುಬರುತ್ತೇನೆ. ಅವಳು ನನ್ನನ್ನೇ ಕೇಳಿದರೆ ಮಾತ್ರ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ, ನಿನಗೆ ಅನ್ನಿಸಿದ್ದನ್ನು ನೀನು ಹೇಳು. ಇಷ್ಟರ ಮೇಲೆ ನೀನು ಬರಲು ಮನಸ್ಸಾದರೆ ಬಾ. ಫುಪ್ಪು ಹೇಳಿದಳೆಂದು ಬರಬೇಡ.

ಇನ್ನೊಂದು ಮಾತು ಕೇಳಬೇಕು. ಬೂತಿಗೆ ಬಂದ ಊರಿನವರನ್ನೆಲ್ಲ ನೀವು ಏನು ಬೇಡಿಕೊಳ್ಳುತ್ತೀರಿ ಎಂದು ಕೇಳಿದವನು ನಾನು. ನಮ್ಮ ಮನೆಯ ನಡುಮನೆಯಲ್ಲಿ ಆರು ವರ್ಷ ನೀನು ಜಾನಿಮಾಜ್ ಹಾಸಿ ನಮಾಜು ಮಾಡಿ, ಕೊನೆಗೆ ಕೈಯೆತ್ತಿ, ತುಟಿ ಅಲ್ಲಾಡಿಸುತ್ತಾ ಕೂತಿರುತ್ತಿದ್ದೆ. ಮಗು ಗಲಾಟೆ ಮಾಡದಿರಲೆಂದು ಅವಳನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ, ದೊಡ್ಡ ಉಪಕಾರ ಮಾಡಿದವನ ಹಾಗೆ. ನೀನು ಏನು ಬೇಡಿಕೊಳ್ಳುತ್ತಿದ್ದೆ ಎಂದು ಒಂದು ದಿನವೂ ಕೇಳಲಿಲ್ಲ. ವಾದ ಮಾಡುವುದಕ್ಕಲ್ಲ, ಸುಮ್ಮನೆ ತಿಳಿಯಬೇಕೆಂದು ಕೇಳುತ್ತಿದ್ದೇನೆ. ಹೇಳಲು ಇಷ್ಟವಿದ್ದರೆ ಬರೆ, ಇಲ್ಲವಾದರೆ ಎದುರಿಗೆ ಸಿಕ್ಕಾಗ ಹೇಳು.

ಅಸ್ಫಿಯಾಗೆ ಮುತ್ತು. ನಿನ್ನ ಅಮ್ಮನಿಗೆ ಸಲಾಂ. ಅಫ್ರೋಜ್‌ಗೆ ಅವನು ಅಳೆದು ನೋಡುವಷ್ಟು ಉದ್ದದ ಸಲಾಂ.

ನಿನ್ನ ದಾರಿ ನೋಡುತ್ತಿರುವ
ಮುಜಮ್ಮಿಲ್

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಕವರಿಗೆ ಅಂಟು ಹಚ್ಚುವ ತನಕ ಯೋಚಿಸುತ್ತಿದ್ದೆ. ಹೊರಡುವಾಗ ತಿಪ್ಪಮ್ಮನವರು ಸಕ್ಕರೆಯ ಎರಡು ಪೊಟ್ಟಣ ಕಟ್ಟಿ, ಒಂದು ನಿನ್ನ ಹೆಂಡತಿಗೆ ಅಂದರು. "ಹೆಂಗವ್ಳಪ್ಪ, ಮನೇಲವ್ಳಾ?" ಎಂದು ಕೇಳಿದರು. ಮನೆಯಲ್ಲೇ ಇದ್ದಾಳೆ, ನಾನು ಹೋಗುವಷ್ಟರಲ್ಲಿ ರೊಟ್ಟಿ ಮಾಡಿಟ್ಟಿರುತ್ತಾಳೆ ಅಂದೆ. ಬಾಬಯ್ಯನ ಕಲ್ಲಿನ ಮುಂದೆ, ತಲೆಯ ಮೇಲೆ ಅಬ್ಬಾನ ಟೋಪಿ ಇರುವಾಗಲೇ. ದೇವರ ವಿಷಯದಲ್ಲಿ ಒಂದು ಸುಳ್ಳು ಹೇಳಲಾರದೆ ಮನೆ ಖಾಲಿ ಮಾಡಿಕೊಂಡವನಿಗೆ ಈ ಸುಳ್ಳು ಅಷ್ಟು ಸುಲಭವಾಗಿ ಬಂತು. ಮದುವೆ ಇಪ್ಪತ್ತೊಂದನೇ ತಾರೀಕು, ಭಾನುವಾರ. ಹೆಂಡತಿ ಮಗಳನ್ನು ಕರೆದುಕೊಂಡು ಬರುತ್ತೇನೆ ಅಂತಲೂ ಹೇಳಿಬಿಟ್ಟಿದ್ದೇನೆ.